ಸಂಸಾರಿಗೆ ಸತ್ಯವ್ರತವು ಸಾಧ್ಯವೆ?

ಸಂಸಾರಭಾರವನ್ನು ಹೊತ್ತವನು ಸತ್ಯಕ್ಕಾಗಿ ಪ್ರಾಣವನ್ನು ತೆರಬಹುದೆ? ಹಿಂದೆಮುಂದಿಲ್ಲದ ವಿರಕ್ತನಿಗೆ ಈ ಪ್ರಶ್ನೆಯು ಅಷ್ಟು ಕಠಿಣವಲ್ಲ. ಮಡದಿಮಕ್ಕಳುಳ್ಳ ಗೃಹಸ್ಥನಿಗೆ ಇದು ಬಹು ಕಠಿಣ. ಗ್ರೀಸಿನ ತತ್ತ್ವಜ್ಞಾನಿಯಾದ ಸಾಕ್ರಟೀಸನಿಗೆ ಇದು ಎದುರಾದುದು ಕ್ರಿ. ಪೂ. 399ರಲ್ಲಿ, ಅಥೆನ್ಸ್ ನಗರದ ಸೆರೆಮನೆಯಲ್ಲಿ.

ನಗರದ ದೇವತೆಗಳನ್ನು ಮನ್ನಿಸನು, ತರುಣರನ್ನು ಕೆಡಿಸುವನು ಎಂಬ ಆಪಾದನೆಯ ಮೇಲೆ ಆ ವೃದ್ಧನಿಗೆ ಮರಣದಂಡನೆಯಾಗಿತ್ತು. ಡೆಲೋಸ್ ದ್ವೀಪಕ್ಕೆ ಹೋದ ಪವಿತ್ರ ನೌಕೆಯು ಮರಳುವತನಕ ಯಾರನ್ನೂ ಕೊಲ್ಲಬಾರದೆಂಬ ಕಟ್ಟಳೆಯಿದ್ದುದರಿಂದ ಶಿಕ್ಷೆಯು ತಡವಾಯಿತು. ಆ ದಿನಗಳಲ್ಲಿ ಒಮ್ಮೆ, ಬೆಳಕು ಹರಿಯುವ ಮುನ್ನವೇ, ಹಳೆಯ ಗೆಳೆಯನಾದ ಕ್ರಿಟೋ ಸೆರೆಮನೆಗೆ ಬಂದನು. ಶಿಷ್ಯನಾದ ಪ್ಲೇಟೋ ಈ ಭೇಟಿಯನ್ನು ಸಂವಾದರೂಪದಲ್ಲಿ ಬರೆದಿಟ್ಟಿರುವನು. ಹಣವು ಸಿದ್ಧವಿತ್ತು, ಕಾವಲುಗಾರನು ಪರಿಚಿತ, ಥೆಸಲಿಯಲ್ಲಿ ಆಶ್ರಯವೀಯುವ ಮಿತ್ರರಿದ್ದರು. ಇಷ್ಟನ್ನೂ ತಿಳಿಸಿ ಕ್ರಿಟೋ ಮರ್ಮಕ್ಕೆ ತಾಗುವ ಮಾತೊಂದನ್ನಾಡಿದನು: ಮೂವರು ಗಂಡುಮಕ್ಕಳನ್ನು ನಡುನೀರಿನಲ್ಲಿ ಕೈಬಿಡುವೆಯಾ? ಸಾಕಿ ಸಲಹುವ ಮನಸ್ಸಿಲ್ಲದವನು ಮಕ್ಕಳನ್ನೇ ಪಡೆಯಬಾರದಿತ್ತು.

ಈ ಮಾತು ಹಗುರವಾಗಿ ತಳ್ಳುವಂಥದಲ್ಲ. ಆ ಮಕ್ಕಳಲ್ಲಿ ಹಿರಿಯನು ಹದಿಹರೆಯದವನು, ಉಳಿದಿಬ್ಬರು ಇನ್ನೂ ಚಿಕ್ಕವರು. ಸಾಕ್ರಟೀಸನು ಅವರನ್ನು ಮರೆತಿರಲೂ ಇಲ್ಲ. ಅವರನ್ನು ಥೆಸಲಿಗೆ ಕರೆದೊಯ್ದು ಪರದೇಶಿಗಳನ್ನಾಗಿಸುವುದು ಉಪಕಾರವೆ? ಇಲ್ಲಿಯೇ ಬಿಟ್ಟು ಓಡಿದರೆ ಗೆಳೆಯರು ನೋಡಿಕೊಳ್ಳುವರೆಂದಾದರೆ, ನಾನು ಸತ್ತಾಗಲೂ ಅವರೇ ನೋಡಿಕೊಳ್ಳಬಲ್ಲರಷ್ಟೆ! ಇದು ಆತನ ಉತ್ತರ. ಮೊದಲೇ ನ್ಯಾಯಸಭೆಯಲ್ಲಿ ಆತನು ಬೇಡಿಕೊಂಡುದು ಇನ್ನೂ ವಿಲಕ್ಷಣ: ನನ್ನ ಮಕ್ಕಳು ದೊಡ್ಡವರಾಗಿ ಸದ್ಗುಣಕ್ಕಿಂತ ಹಣವನ್ನು ಹೆಚ್ಚೆಂದು ಬಗೆದರೆ, ನಾನು ನಿಮ್ಮನ್ನು ಕಾಡಿದಂತೆ ನೀವು ಅವರನ್ನು ಕಾಡಿರಿ. ತಂದೆಯಾದವನು ಮಕ್ಕಳಿಗಾಗಿ ಇಂಥ ಆಸ್ತಿಯನ್ನು ಕೇಳಿದ್ದುಂಟೆ?

ನಮ್ಮಲ್ಲಿ ತೂಕದಲ್ಲಿ ಕಡಮೆ ಮಾಡುವವನೂ, ಸುಳ್ಳುಸಾಕ್ಷಿ ನುಡಿಯುವವನೂ 'ಮಕ್ಕಳ ಸಲುವಾಗಿ' ಎನ್ನುತ್ತಾನೆ. ಆ ಮಕ್ಕಳು ಹಾಗೆಂದು ಕೇಳಿರುವುದಿಲ್ಲ.

ಆದರೂ ಸಾಕ್ರಟೀಸನ ವೃತ್ತಾಂತದಲ್ಲಿ ಒಂದು ಕೊರತೆಯು ನಮಗೆ ಕಾಣುವುದು. ಕ್ರಿಟೋವಿನೊಡನೆ ಇಷ್ಟು ವಿಚಾರ ನಡೆದಾಗ ಮಡದಿ ಕ್ಸಾಂತಿಪ್ಪೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕಡೆಯ ದಿನ ಬೆಳಗ್ಗೆ ಆಕೆ ಅತ್ತಾಗ ಮನೆಗೆ ಕಳುಹಿಸಿಬಿಟ್ಟರು. ಶರಣರ ಮನೆಯ ರೀತಿಯೇ ಬೇರೆ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲದು, ಹಿಂದಿರುಗಿಸಿ ಬಾ ಎಂದವಳು ಲಕ್ಕಮ್ಮ. ಸಂಸಾರವು ಸತ್ಯಕ್ಕೆ ಅಡ್ಡಿಯೆಂಬ ವಾದವು ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಮಡದಿಯೇ ಸತ್ಯದ ಕಾವಲಾಗಿದ್ದಳು. ಅಥೆನ್ಸಿನ ಜ್ಞಾನಿಗೆ ಈ ಭಾಗ್ಯವಿರಲಿಲ್ಲವೋ, ಇದ್ದುದನ್ನು ಆತನು ಅರಿಯಲಿಲ್ಲವೋ!

ನೌಕೆಯು ಮರಳಿತು. ಸಂಜೆ ಸಾಕ್ರಟೀಸನು, ಹೆಂಗಸರಿಗೆ ಶವವನ್ನು ತೊಳೆಯುವ ಶ್ರಮ ತಪ್ಪಲೆಂದು, ತಾನೇ ಸ್ನಾನ ಮಾಡಿದನು. ಮಕ್ಕಳನ್ನೂ ಮನೆಯ ಹೆಂಗಸರನ್ನೂ ಕರೆತಂದರು. ಕ್ರಿಟೋವಿನ ಸಮಕ್ಷಮದಲ್ಲಿ ಅವರೊಡನೆ ಮಾತಾಡಿ, ಅವರನ್ನು ಕಳುಹಿಸಿ, ಅನಂತರ ಆತನು ವಿಷದ ಬಟ್ಟಲನ್ನು ತೆಗೆದುಕೊಂಡನು. ಮಕ್ಕಳಿಗೆ ಏನು ಹೇಳಿದನೆಂಬುದನ್ನು ಪ್ಲೇಟೋ ಬರೆದಿಲ್ಲ.