ಭಾವಚಿತ್ರದ ಕತ್ತಲು

ಕಪ್ಪು-ಬಿಳುಪು ಭಾವಚಿತ್ರವೊಂದರಲ್ಲಿ ಮುಖದ ಅರ್ಧಭಾಗ ಕತ್ತಲಲ್ಲಿದ್ದರೆ, ಆ ಕತ್ತಲು ಏನು? ಬೆಳಕು ಬೀಳಲಿಲ್ಲ ಎಂಬುದಕ್ಕೆ ಇನ್ನೊಂದು ಹೆಸರೋ, ಕೆನ್ನೆ ಮೂಗುಗಳಂತೆ ಅದೂ ಅಲ್ಲಿರುವ ಒಂದು ವಸ್ತುವೋ? ಕ್ಯಾಮೆರಾ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಭಾರತದ ದಾರ್ಶನಿಕರು ಈ ಪ್ರಶ್ನೆಯನ್ನು ಎತ್ತಿಕೊಂಡು ಪಟ್ಟುಹಿಡಿದು ವಾದಿಸಿದ್ದರು. ತಮಸ್ಸು ದ್ರವ್ಯವೇ, ಅಭಾವವೇ ಎಂಬುದು ಆ ವಾದದ ಹೆಸರು. ಕನ್ನಡದ ಮಾತುಗಳಲ್ಲಿಯೂ ಅದರ ಎಳೆ ಉಳಿದಿದೆ. ಭಾವಚಿತ್ರದ ‘ಭಾವ’ ಮನಸ್ಸಿನಲ್ಲಿ ಏಳುವ ಭಾವ ಮಾತ್ರವಲ್ಲ. ತರ್ಕದ ಭಾಷೆಯಲ್ಲಿ ಭಾವವೆಂದರೆ ಇರುವಿಕೆ, ಅಭಾವಕ್ಕೆ ಎದುರಾದದ್ದು. ಛಾಯೆಗೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳು ಒಟ್ಟಿಗೇ ಇವೆ. 1839ರಲ್ಲಿ ಜಾನ್ ಹರ್ಷೆಲ್ ಬಳಕೆಗೆ ತಂದ ‘ಫೋಟೋಗ್ರಫಿ’ ಎಂಬ ಪದ ಗ್ರೀಕಿನ ಪ್ರಕಾರ ಬೆಳಕಿನ ಬರಹ. ಕನ್ನಡ ಅದನ್ನು ಛಾಯಾಗ್ರಹಣ ಎಂದಿತು, ನೆರಳನ್ನು ಹಿಡಿಯುವುದು ಎಂದಿತು. ಕನ್ನಡದ ಪದವೇ ಹೆಚ್ಚು ನಿಜವೆನ್ನಲು ಕಾರಣವಿದೆ.

ಕತ್ತಲು ದ್ರವ್ಯವಲ್ಲ, ಬೆಳಕಿನ ಅಭಾವ ಎಂಬುದು ವೈಶೇಷಿಕರ ನಿಲುವು, ನೈಯಾಯಿಕರದ್ದೂ ಅದೇ. ಬಣ್ಣವಿರುವ ಯಾವ ವಸ್ತುವನ್ನು ನೋಡಲೂ ಬೆಳಕು ಬೇಕು. ಕತ್ತಲನ್ನು ನೋಡಲು ಮಾತ್ರ ಬೆಳಕು ಇರಬಾರದು. ಹಾಗಾದರೆ ಅದು ಬಣ್ಣವುಳ್ಳ ವಸ್ತುವಾಗುವುದು ಹೇಗೆ? ನೆರಳು ನಡೆಯುವಂತೆ ಕಂಡರೂ ನಡೆಯುವುದು ಬೆಳಕನ್ನು ತಡೆದ ಮನುಷ್ಯನೇ. ಭಾಟ್ಟ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಕತ್ತಲು ಕಣ್ಣಿಗೆ ಕಪ್ಪಾಗಿ ಕಾಣುತ್ತದೆ, ಚಲಿಸುತ್ತದೆ. ಗುಣವೂ ಕ್ರಿಯೆಯೂ ಇರುವುದು ದ್ರವ್ಯವೇ ಸರಿ ಎಂದರು. ಅದ್ವೈತದ ವಿವರಣ ಪರಂಪರೆ ಕತ್ತಲನ್ನು ಭಾವರೂಪವೆಂದು ಹಿಡಿದು, ಅವಿದ್ಯೆಯೂ ಹಾಗೆಯೇ ಎಂದು ಮುಂದುವರಿಯಿತು. ಮಧ್ವ ಪರಂಪರೆ ಎಣಿಸುವ ಇಪ್ಪತ್ತು ದ್ರವ್ಯಗಳಲ್ಲಿ ಅಂಧಕಾರವೂ ಇದೆ, ಪ್ರತಿಬಿಂಬವೂ ಇದೆ. ಜೈನರಿಗೆ ಕತ್ತಲು, ನೆರಳು ಎರಡೂ ಪುದ್ಗಲದ, ಅಂದರೆ ಜಡದ್ರವ್ಯದ ಪರಿಣಾಮಗಳು. ತತ್ತ್ವಾರ್ಥಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದನನ್ನು ಕರ್ನಾಟಕದ ಜೈನ ಪರಂಪರೆ ತನ್ನವನೆಂದು ಗೌರವಿಸುತ್ತದೆ. ಬೆಳಕಿಗೆ ಮರೆಯಾದಾಗ ಹುಟ್ಟುವುದು ಛಾಯೆ ಎಂದು ಹೇಳಿ ಆತ ಅದನ್ನು ಎರಡಾಗಿ ವಿಂಗಡಿಸುತ್ತಾನೆ: ಬಣ್ಣ ಮುಂತಾದವನ್ನು ಉಳಿಸಿಕೊಂಡದ್ದು ಒಂದು, ಬರೀ ಆಕಾರವನ್ನು ತೋರುವುದು ಇನ್ನೊಂದು. ಕನ್ನಡಿಯ ಬಿಂಬವನ್ನೂ ನೆಲದ ನೆರಳನ್ನೂ ಒಂದೇ ಕುಲಕ್ಕೆ ಸೇರಿಸಿದ ಈ ವಿಂಗಡಣೆಗೆ ಛಾಯಾಚಿತ್ರ ಎಂಬ ಪದ ಬಹಳ ಹತ್ತಿರದ ನೆಂಟ.

ಇವೆಲ್ಲಕ್ಕಿಂತ ಬೇರೆಯಾದ ಮಾತು ಮೀಮಾಂಸೆಯ ಇನ್ನೊಂದು ಪಂಗಡವಾದ ಪ್ರಾಭಾಕರರದ್ದು. ಕತ್ತಲೆಂದರೆ ಬೆಳಕಿನ ಅಭಾವವೂ ಅಲ್ಲ, ಬೆಳಕಿನ ತಿಳಿವಿನ ಅಭಾವ ಎಂದು ಆ ಪಂಗಡ ಹೇಳಿತು. ಸುಮ್ಮನೆ ಕೂದಲು ಸೀಳಿದಂತೆ ತೋರುವ ಈ ಮಾತಿಗೆ ಮುಂದೆ ಕೆಲಸವಿದೆ.

ದೀಪದ ಮುಂದೆ ಕುಳಿತ ಮುಖದ ಮಟ್ಟಿಗೆ ನೈಯಾಯಿಕನೇ ಗೆಲ್ಲುತ್ತಾನೆ. ಮುಖ್ಯ ದೀಪವನ್ನು ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿಸಿ, ಅಷ್ಟೇ ಮೇಲಕ್ಕೆತ್ತಿದರೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟುತ್ತದೆ. ಆಚೆಬದಿಯ ಕಣ್ಣಿನ ಕೆಳಗೆ ಬೆಳಕಿನ ಸಣ್ಣದೊಂದು ತ್ರಿಕೋನ ಉಳಿಯುತ್ತದೆ. ರೆಂಬ್ರಾಂಟ್‌ನ ಹೆಸರಿನಿಂದ ಕರೆಯುವ ಬೆಳಕು ಇದು. ಚಿಕ್ಕ ದೀಪಕ್ಕೆ ಚಾಕುವಿನ ಅಂಚಿನಂಥ ನೆರಳು, ದೊಡ್ಡ ಕಿಟಕಿಗೆ ಮಸುಕು ಅಂಚಿನ ನೆರಳು. ದೀಪದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಇಲ್ಲೆಲ್ಲ ಆಡುತ್ತಿರುವುದು ಬೆಳಕೊಂದೇ. ಹಾಗಿದ್ದರೂ ಛಾಯಾಗ್ರಾಹಕನ ಕೈ ಕತ್ತಲನ್ನು ವಸ್ತುವಿನಂತೆಯೇ ಬಳಸುತ್ತದೆ. ನೆರಳು ಸಾಲದೆನಿಸಿದಾಗ ಕೆನ್ನೆಯ ಪಕ್ಕಕ್ಕೆ ಒಂದು ಕಪ್ಪು ಬಟ್ಟೆಯನ್ನು ಹಿಡಿಸುತ್ತಾನೆ. ನೋಡುನೋಡುತ್ತ ದವಡೆಯ ಗೆರೆ ಆಳಕ್ಕಿಳಿಯುತ್ತದೆ. ಬಟ್ಟೆಯಿಂದ ಕತ್ತಲೇನೂ ಸುರಿಯಲಿಲ್ಲ, ಗೋಡೆಯಿಂದ ಪುಟಿದು ಬರುತ್ತಿದ್ದ ಬೆಳಕು ನಿಂತಿತು, ಅಷ್ಟೇ.

ನ್ಯಾಯ-ವೈಶೇಷಿಕ ದರ್ಶನದಲ್ಲಿ ಅಭಾವವೆಂದರೆ ಬರೀ ಸೊನ್ನೆಯಲ್ಲ ಎಂಬುದು ಇಲ್ಲಿ ಮುಖ್ಯ. ಅದು ಏಳನೆಯ ಪದಾರ್ಥ. ಇಲ್ಲದಿರುವುದು ಯಾವುದು, ಎಲ್ಲಿ ಇಲ್ಲ ಎಂಬ ಎರಡೂ ಗೊತ್ತಿದ್ದರೆ ಮಾತ್ರ ಅಭಾವ ತಿಳಿವಿಗೆ ಬರುತ್ತದೆ. ನೆಲದ ಮೇಲೆ ಗಡಿಗೆ ಇಲ್ಲ ಎನ್ನಲು ನೆಲ ಕಾಣಬೇಕು. ಭಾವಚಿತ್ರದ ಒಳ್ಳೆಯ ನೆರಳಿಗೂ ಇದೇ ಲಕ್ಷಣ. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಪದ್ಧತಿ ಕಪ್ಪಿನಿಂದ ಬಿಳುಪಿನವರೆಗೆ ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳನ್ನು ಎಣಿಸುತ್ತದೆ. ಮೂರನೆಯ ಮೆಟ್ಟಿಲಿನ ಕಪ್ಪಿನಲ್ಲಿ ಬಟ್ಟೆಯ ನೇಯ್ಗೆ, ಗಡ್ಡದ ಎಳೆ ಇನ್ನೂ ಕಾಣುತ್ತವೆ. ಸೊನ್ನೆಯಲ್ಲಿ ಏನೂ ಇಲ್ಲ. ಮೂರನೆಯದು ‘ಈ ಕೆನ್ನೆಯ ಮೇಲೆ ಬೆಳಕಿಲ್ಲ’ ಎನ್ನುತ್ತದೆ. ಸೊನ್ನೆಯಲ್ಲಿ ಕೆನ್ನೆಯೇ ಹೋಗಿರುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸುವ ಹುರುಪಿನಲ್ಲಿ ಮೂರನ್ನು ಸೊನ್ನೆಗೆ ಇಳಿಸಿದ ಚಿತ್ರಗಳು ಮೊದಲ ನೋಟಕ್ಕೆ ಗಂಭೀರವಾಗಿ ಕಂಡರೂ ಮನುಷ್ಯನನ್ನು ಕಳೆದುಕೊಂಡಿರುತ್ತವೆ.

ಡಾರ್ಕ್‌ರೂಮಿನೊಳಗೆ ಕಾಲಿಟ್ಟ ಕೂಡಲೇ ವಾದ ತಿರುವುಮುರುವಾಗುತ್ತದೆ. ಫಿಲ್ಮಿನ ಮೇಲೆ ಬೆಳಕು ಬಿದ್ದಲ್ಲಿ ಡೆವಲಪರ್ ಬೆಳ್ಳಿಯ ಕಣಗಳನ್ನು ಹುಟ್ಟಿಸುತ್ತದೆ. ನೆರಳಿದ್ದಲ್ಲಿ ಹೈಪೋ ಎಂಬ ದ್ರಾವಣ ಎಲ್ಲವನ್ನೂ ತೊಳೆದು ಬರಿದು ಮಾಡುತ್ತದೆ. ನೆಗೆಟಿವ್‌ನಲ್ಲಿ ನೆರಳು ನಿಜಕ್ಕೂ ಅಭಾವ, ಅದರ ಮೂಲಕ ಆಚೆಗಿನ ಗೋಡೆ ಕಾಣುತ್ತದೆ. ಆ ನೆಗೆಟಿವ್ ಕಾಗದಕ್ಕೆ ಇಳಿದಾಗ ಬರಿದಾದ ಜಾಗದ ಮೂಲಕವೇ ಬೆಳಕು ನುಗ್ಗಿ ಬೆಳ್ಳಿಯನ್ನು ರಾಶಿಹಾಕುತ್ತದೆ. ಕೆಂಪು ದೀಪದ ಕೆಳಗೆ ತಟ್ಟೆಯ ದ್ರವದಲ್ಲಿ ತೇಲುವ ಖಾಲಿ ಹಾಳೆಯ ಮೇಲೆ ಮೊದಲು ಮೂಡುವುದು ಹಣೆಯ ಹೊಳಪಲ್ಲ; ಕೂದಲು, ಹುಬ್ಬು, ಕಣ್ಣಿನ ಗುಳಿ, ಗದ್ದದ ಕೆಳಗಿನ ಕಪ್ಪು. ಹಣೆ ಕೊನೆಯವರೆಗೂ ಬರೀ ಕಾಗದವಾಗಿಯೇ ಇರುತ್ತದೆ. ಪ್ರಿಂಟಿನಲ್ಲಿ ಬೆಳಕೇ ಅಭಾವ, ಕತ್ತಲೇ ದ್ರವ್ಯ. ಭಾಟ್ಟನಿಗೂ ಜೈನನಿಗೂ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಹೊಳಪು ಕಾಗದದ ಅತಿ ಗಾಢ ಕಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 1ರಷ್ಟನ್ನು ಮರಳಿಸುತ್ತದೆ, ಪೂರ್ಣ ಕತ್ತಲು ಆ ಹಾಳೆಯ ಮೇಲೆ ಎಲ್ಲಿಯೂ ಇಲ್ಲ. ಹಳೆಯ ಸ್ಟುಡಿಯೋಗಳಲ್ಲಿ ರೀಟಚ್ ಮಾಡುವವರು ಮುಖದ ಸುಕ್ಕನ್ನು ಅಳಿಸಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದುದು ನೆಗೆಟಿವ್-ಪ್ರಿಂಟುಗಳ ಈ ಅದಲುಬದಲಿನಿಂದಲೇ: ಅಲ್ಲಿ ಸೀಸ ತುಂಬಿದರೆ ಇಲ್ಲಿ ಕಪ್ಪು ಮಾಯ.

ಪುರಾಣ ಈ ಪ್ರಶ್ನೆಗೆ ತನ್ನದೇ ಉತ್ತರ ಕೊಟ್ಟಿದೆ. ಗಂಡ ಸೂರ್ಯನ ಉರಿಯನ್ನು ತಾಳಲಾರದ ಸಂಜ್ಞೆ ತನ್ನ ನೆರಳನ್ನೇ ತನ್ನ ಜಾಗದಲ್ಲಿ ನಿಲ್ಲಿಸಿ ಹೊರಟುಹೋದಳು. ಛಾಯಾದೇವಿ ಸಂಸಾರ ನಡೆಸಿದಳು, ಶನಿಯ ತಾಯಿಯಾದಳು. ಸೂರ್ಯನಿಗೆ ಬಹುಕಾಲ ಗುರುತೇ ಸಿಗಲಿಲ್ಲ. ಅಲ್ಲಿ ಇಲ್ಲದವರ ಜಾಗವನ್ನು ತುಂಬುವುದು, ಅದೂ ಬೆಳಕಿನ ಎದುರಿನಲ್ಲೇ ನಿಂತು ತುಂಬುವುದು, ಭಾವಚಿತ್ರದ ಕೆಲಸವೂ ಹೌದು.

ಪ್ರಾಭಾಕರರ ಮಾತಿಗೆ ಸಾಕ್ಷಿಯಾಗಿ ನಿಲ್ಲುವ ಚಿತ್ರ 1867ರ ಏಪ್ರಿಲ್‌ನದು. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಇಂಗ್ಲೆಂಡಿನ ಕೆಂಟ್ ಪ್ರಾಂತದ ಮನೆಯೊಂದರಲ್ಲಿ ತನ್ನ ಹಳೆಯ ಗೆಳೆಯನ ಚಿತ್ರ ತೆಗೆದಳು. ಗೆಳೆಯ ಅದೇ ಜಾನ್ ಹರ್ಷೆಲ್, ಆಗ 75 ವರ್ಷದ ಮುದುಕ. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡು, ಓಡಿಹೋಗುತ್ತಿದ್ದ ನೆರಳು ಕಾಗದದ ಮೇಲೆ ನಿಲ್ಲುವಂತೆ ಮಾಡಿದವನು ಆತ. ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ಛಾಯಾಗ್ರಹಣಕ್ಕೆ ಕೊಟ್ಟವನೂ ಆತನೇ. ಚಿತ್ರದಲ್ಲಿ ಕಪ್ಪು ಉಡುಪು ಹಿನ್ನೆಲೆಯ ಕಪ್ಪಿಗೆ ಸೇರಿಹೋಗಿ ಭುಜ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಕೆದರಿದ ಬಿಳಿಗೂದಲು ಮಾತ್ರ ಹೊತ್ತಿಕೊಂಡಂತಿದೆ. ಹಣೆಯ ಮೇಲೆ, ಕಣ್ಣಿನ ಕೆಳಗೆ ಸುಕ್ಕುಗಳು ಉಳಿಯಿಂದ ಕೊರೆದಷ್ಟು ಆಳ.

ಆ ಆಳವೆಲ್ಲ ನೆರಳಿನದಲ್ಲ. ಆಕೆ ಬಳಸಿದ ಕೊಲೋಡಿಯನ್ ಗಾಜಿನ ತಟ್ಟೆ ನೀಲಿ ಮತ್ತು ನೇರಳಾತೀತ ಬೆಳಕಿಗಷ್ಟೇ ಸ್ಪಂದಿಸುತ್ತಿತ್ತು. ಕೆಂಪು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಮುದಿ ಚರ್ಮದ ಕೆಂಪು ಛಾಯೆ, ಕಲೆಗಳು ಇದ್ದಕ್ಕಿಂತ ಕಪ್ಪಾಗಿ ಬಂದವು. ಹರ್ಷೆಲ್‌ನ ಮುಖದ ಆ ಜಾಗಗಳಲ್ಲಿ ಬೆಳಕು ಬಿದ್ದಿತ್ತು, ಎದುರಿಗೆ ನಿಂತಿದ್ದ ಕ್ಯಾಮರಾನ್ ಅದನ್ನು ಕಣ್ಣಾರೆ ನೋಡುತ್ತಿದ್ದಳು. ತಿಳಿಯದೆ ಹೋದದ್ದು ಗಾಜಿನ ತಟ್ಟೆಗೆ.