ಹೆಬ್ಬೆರಳಿಗಿಂತ ಮೊದಲು ಬಿಲ್ಲಿತ್ತು

ಏಕಲವ್ಯನ ಹೆಬ್ಬೆರಳನ್ನು ದ್ರೋಣ ಕೇಳಿದ್ದು ಒಂದೇ ಸಲ. ನಾವು ಅದನ್ನು ಎಷ್ಟು ಸಲ ಕುಯ್ದಿದ್ದೇವೋ ಲೆಕ್ಕವಿಲ್ಲ. ನಮ್ಮ ಕವಿತೆಗಳಲ್ಲಿ, ಬೀದಿನಾಟಕಗಳಲ್ಲಿ, ಭಾಷಣಗಳಲ್ಲಿ ಆ ಬೆರಳು ಇವತ್ತಿಗೂ ರಕ್ತ ಸುರಿಸುತ್ತಲೇ ಇದೆ. ಸುರಿಸಲಿ. ಆದರೆ ಆ ಹುಡುಗನ ಕೈಯಲ್ಲಿದ್ದ ಬಿಲ್ಲು ಎಲ್ಲಿಂದ ಬಂತು ಅಂತ ನಾವ್ಯಾರೂ ಕೇಳಲಿಲ್ಲ. ದ್ರೋಣ ಕೊಟ್ಟದ್ದಲ್ಲ, ಅವನು ಬೇಡರವನು ಅಂತ ಬಾಗಿಲಿಂದಲೇ ಅಟ್ಟಿದ್ದ. ಆದಿಪರ್ವ ಏಕಲವ್ಯನ ಅಪ್ಪನ ಹೆಸರು ಹೇಳುತ್ತದೆ: ಹಿರಣ್ಯಧನು. ಅಂದರೆ ಹೊನ್ನಿನ ಬಿಲ್ಲಿನವನು. ಮನೆತನದ ಹೆಸರಿನಲ್ಲೇ ಬಿಲ್ಲಿತ್ತಲ್ಲ!

ಬಿಲ್ಲು ಮಾಡುವುದನ್ನು ನಮ್ಮ ಕೇರಿಯ ಹುಡುಗರು ಕಲಿತದ್ದು ತಾತನ ಹತ್ತಿರ. ಅವನನ್ನು ಗುರು ಅನ್ನಬೇಕು ಅಂತ ನಮಗೆ ಗೊತ್ತಿರಲಿಲ್ಲ ಅಷ್ಟೆ. ಎಳೆ ಬಿದಿರು ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಬಲಿತ ಗಳವನ್ನೇ ಕಡಿದು ನೆರಳಲ್ಲಿ ಒಣಗಿಸಬೇಕು. ಸೀಳಿದ ಮೇಲೆ ಹೊಳೆಯುವ ಹೊರಮೈಗೆ ಮಚ್ಚು ತಾಗಬಾರದು. ಎಳೆತವನ್ನು ತಡೆಯುವ ನಾರೆಲ್ಲ ಅಲ್ಲೇ ಇರುವುದು. ಆ ಹೊರಮೈ ಗುರಿಯ ಕಡೆಗೆ, ಒಳಮೈ ನಮ್ಮ ಕಡೆಗೆ. ಹೆರೆಯುವುದು ಒಳಮೈಯನ್ನು ಮಾತ್ರ, ಗಾಜಿನ ಚೂರಿನಿಂದ. ಹಿಡಿಯುವ ನಡುಭಾಗ ದಪ್ಪ, ತುದಿಗೆ ಹೋದಂತೆ ಸಣ್ಣ. ಒಂಚೂರು ಹೆರೆಯಬೇಕು, ಬಾಗಿಸಿ ನೋಡಬೇಕು, ಮತ್ತೆ ಹೆರೆಯಬೇಕು. ಒಂದು ಕಡೆ ಬಿಗಿದುಕೊಂಡು ನಿಂತರೆ ಭಾರವೆಲ್ಲ ಇನ್ನೊಂದು ಕಡೆಗೆ ಬಿದ್ದು ಅದು ಲಟಕ್ಕನೆ ಮುರಿಯುತ್ತದೆ. ನಮ್ಮವು ಎಷ್ಟೋ ಮುರಿದವು. ತಾತ ಬೈಯುತ್ತಿರಲಿಲ್ಲ. "ಬಗ್ಗದೇ ಇರೋ ಕಡೆ ಹೆರಿ ಕಣ್ಲಾ ಮಗ, ಬಗ್ಗೋ ಕಡೆ ಮುಟ್ಬ್ಯಾಡ" ಅನ್ನೋನು.

ಅಂಬಿಗೆ ಹಗುರವಾದ ಕಡ್ಡಿ ಸಾಕು. ಸೊಟ್ಟಗಿದ್ದರೆ ಕೆಂಡದ ಮೇಲೆ ಕಾಯಿಸಿ, ಬಿಸಿ ಇರುವಾಗಲೇ ತಿದ್ದಿ, ಆರುವ ತನಕ ಹಿಡಿದಿರಬೇಕು. ಹಿಂದುಗಡೆ ಹೆದೆ ಕೂರಲು ಕಚ್ಚು, ಅದಕ್ಕಿಂತ ಮುಂದೆ ಕೋಳಿಯ ಗರಿ. ಗರಿ ಇಲ್ಲದಿದ್ದರೆ ಅಂಬು ಗಾಳಿಯಲ್ಲಿ ಅಡ್ಡಾದಿಡ್ಡಿ ಹೊರಳುತ್ತದೆ. ಹೆದೆ ಮಾತ್ರ ಅವ್ವನ ಕೆಲಸ. ಕತ್ತಾಳೆಯನ್ನು ನೀರಲ್ಲಿ ಕೊಳೆಹಾಕಿ, ನಾರು ತೆಗೆದು, ತೊಡೆಯ ಮೇಲೆ ಹುರಿ ಹೊಸೆದು ಕೊಡುತ್ತಿದ್ದಳು. ಅಕ್ಕಂದಿರೂ ಹೊಸೆದರು. ಬಿಲ್ಲನ್ನು ಅವರ ಕೈಗೆ ನಾವು ಕೊಡಲಿಲ್ಲ. ದ್ರೋಣತನ ಅಗ್ರಹಾರದಲ್ಲೇ ಹುಟ್ಟಬೇಕೆಂದೇನೂ ಇಲ್ಲ.

ಇಷ್ಟೆಲ್ಲ ಬಲ್ಲ ನಮ್ಮನ್ನು ಸ್ಕೂಲಿನಲ್ಲಿ ದಡ್ಡರು ಅಂದರು. ಮೇಷ್ಟರೊಬ್ಬರು ಬಿಲ್ಲು ಕಿತ್ತುಕೊಂಡು ಒಲೆಗೆ ಹಾಕಿದರು. ಅದೇ ಮೇಷ್ಟರು ಆಮೇಲೆ ಏಕಲವ್ಯನ ಪಾಠ ಮಾಡಿ, ಗುರುಭಕ್ತಿ ಅಂದರೆ ಇದು ಅಂದರು. ಪರೀಕ್ಷೆಯಲ್ಲಿ ನಾವೂ ಹಾಗೇ ಬರೆದೆವು. ನಂಬರೂ ಬಂತು.

ಹಾಗಾದರೆ ಕಲಿತವನ ಋಣ ಯಾರಿಗೆ? ಏಕಲವ್ಯ ಮಣ್ಣಿನ ದ್ರೋಣನನ್ನು ಮಾಡಿ ನಿಲ್ಲಿಸಿಕೊಂಡ. ಮಣ್ಣು ಏನನ್ನೂ ಹೇಳಿಕೊಡಲಿಲ್ಲ. ಗುರಿ ತಪ್ಪಿದ ಒಂದೊಂದು ಅಂಬೂ ಹೇಳಿಕೊಟ್ಟಿತು. ಆದರೂ ಅವನು ಮಣ್ಣಿಗೇ ಕೈ ಮುಗಿದ. ಇದನ್ನು ಬರೀ ಗುಲಾಮಗಿರಿ ಅಂತ ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಇನ್ನೊಬ್ಬರಿಂದ ಪಡೆದೆ ಅಂತ ಒಪ್ಪಿಕೊಳ್ಳುವುದು ದೊಡ್ಡ ಗುಣವೇ. ಆದರೆ ಬಿದಿರು ಸೀಳಿದವನಿಗೆ, ಹುರಿ ಹೊಸೆದವಳಿಗೆ ಸಲ್ಲಬೇಕಾದದ್ದು ಬಾಗಿಲು ಹಾಕಿಕೊಂಡವನಿಗೆ ಸಂದಿತು. ಕೊಡದೇ ಇದ್ದ ವಿದ್ಯೆಗೆ ಕೂಲಿ ಕೇಳಲು ಬಂದವನಿಗೆ ನಾಚಿಕೆಯೂ ಆಗಲಿಲ್ಲ.

ದ್ರೋಣನ ಕಡೆಯವರ ಋಣದ ಲೆಕ್ಕವನ್ನೂ ಯಾರಾದರೂ ತೆಗೆಯಬೇಡವೆ? ಋಗ್ವೇದದ ಆರನೆಯ ಮಂಡಲದಲ್ಲಿ ಆಯುಧಗಳನ್ನು ಹೊಗಳುವ ಒಂದು ಸೂಕ್ತವಿದೆ. ಅಲ್ಲಿಯ ಬಾಣ ಹಸುವಿನ ನರದಿಂದ ಬಿಗಿದ ಬಾಣ. ದನದ ಮೈಯಿಂದ ನರ ಬಿಡಿಸುವುದು ಎಂಥ ಕೆಲಸ, ಅದರ ವಾಸನೆ ಎಂಥದು ಅಂತ ನಮ್ಮ ಕೇರಿಗೆ ಗೊತ್ತು. ಬಿಡಿಸಿದವನ ಹೆಸರು ಸೂಕ್ತದಲ್ಲಿಲ್ಲ. ಅವನಿಗೆ ಯಾವ ದಕ್ಷಿಣೆ ಸಂದಿತು?

ಇನ್ನು ಆ ಹೆಬ್ಬೆರಳು. ಬೆರಳು ಹೋದ ಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಮೊದಲಿನ ವೇಗ ಇರಲಿಲ್ಲ ಅಂತ ಮಹಾಭಾರತವೇ ಹೇಳುತ್ತದೆ. ಇವತ್ತು ಒಲಿಂಪಿಕ್ಸಿನಲ್ಲಿ ಹೆದೆ ಎಳೆಯುವವರು ತೋರುಬೆರಳು, ನಡುಬೆರಳು, ಉಂಗುರಬೆರಳಿಂದ ಎಳೆಯುತ್ತಾರೆ; ಹೆಬ್ಬೆರಳು ಸುಮ್ಮನೆ ಮಡಿಸಿಕೊಂಡಿರುತ್ತದೆ. ಭಿಲ್ಲರಲ್ಲಿ ಹಲವರು ಹೆಬ್ಬೆರಳು ಮುಟ್ಟಿಸದೆ ಬಾಣ ಬಿಡುತ್ತಾರೆ, ಏಕಲವ್ಯನ ನೆನಪಿಗೆ ಅಂತಾರೆ. ಅವರು ಅವನನ್ನು ನೆನೆಯುವುದು ಬಾಣ ಬಿಡುತ್ತಾ. ನಾವು ಅಳುತ್ತಾ.

ನಮ್ಮಲ್ಲಿ ಕೆಲವರು ಈಗ ಮೇಷ್ಟರುಗಳಾಗಿದ್ದೇವೆ. ಹೋದ ವರ್ಷ ಒಬ್ಬ ಹುಡುಗಿ ಬಿಲ್ಲು ಹಿಡಿದುಕೊಂಡೇ ಕ್ಲಾಸಿಗೆ ಬಂದಳು. ಕಿತ್ತುಕೊಳ್ಳಲು ಕೈ ಮುಂದೆ ಹೋಯಿತು, ಸುಳ್ಳೇಕೆ ಹೇಳಬೇಕು. ಹೆದೆ ಹೊಸೆದದ್ದು ಯಾರಮ್ಮ ಅಂದರೆ "ನಾನೇ ಸಾ" ಅಂದಳು. ಬಾಗಿಸಿ ನೋಡಿದೆವು. ಮೇಲಿನ ಕಡೆ ಸ್ವಲ್ಪ ಬಿಗಿಯಿತ್ತು. ಗಾಜಿನ ಚೂರು ಸಿಗುತ್ತದೇನೋ ಅಂತ ಅವಳೂ ನಾವೂ ಸ್ಕೂಲಿನ ಹಿಂದಕ್ಕೆ ಹೋದೆವು.