ಆ ಐವರು ಮತ್ತು ಒಂದು ತಟ್ಟೆ ಅನ್ನ





ನಾಳೆ ಹುಣ್ಣಿಮೆ. ನಮ್ಮಲ್ಲಿ ಕೆಲವರು ಅಷ್ಟಶೀಲ ತೆಗೆದುಕೊಳ್ಳುತ್ತೀರಿ. ಅದರಲ್ಲಿ ಆರನೆಯದು ವಿಕಾಲ ಭೋಜನದ ಶೀಲ, ಅಂದರೆ ಮಧ್ಯಾಹ್ನ ಕಳೆದ ಮೇಲೆ ಊಟ ಮಾಡದಿರುವುದು. ಕಳೆದ ಹುಣ್ಣಿಮೆಗೆ ನಮ್ಮ ಗುಂಪಿನಲ್ಲಿ ಒಂದು ಸಂದೇಶ ಓಡಾಡಿತು, ನೆನಪಿರಬಹುದು. ಇಂಟರ್‌ಮಿಟೆಂಟ್ ಫಾಸ್ಟಿಂಗನ್ನು ಲೋಕಕ್ಕೆ ಮೊದಲು ಹೇಳಿಕೊಟ್ಟವನೇ ಬುದ್ಧ, ಉಪೋಸಥ ಮಾಡಿ ತೂಕ ಇಳಿಸಿ ಎಂದು ಅದರ ಸಾರಾಂಶ. ಅನೇಕರು ಕೈಮುಗಿದ ಚಿತ್ರ ಹಾಕಿದ್ದಿರಿ. ಎರಡು ವರ್ಷದ ಹಿಂದೆ ಆಗಿದ್ದರೆ ನಾನೂ ಅದನ್ನು ಹತ್ತು ಕಡೆ ಕಳಿಸುತ್ತಿದ್ದೆ. ಈ ಸಲ ಕೈ ಬರಲಿಲ್ಲ. ಯಾಕೆಂದು ಇವತ್ತು ಹೇಳುತ್ತೇನೆ.

ಇದು ನನ್ನ ಅಕ್ಕನ ಮಗಳ ವಿಷಯ. ಅವಳೂ ಅಕ್ಕನೂ ಓದಿ ಒಪ್ಪಿದ ಮೇಲೆ ಕಳಿಸುತ್ತಿದ್ದೇನೆ. ಹೆಸರು ಹಾಕದಿದ್ದರೂ ನಿಮ್ಮಲ್ಲಿ ಹಲವರಿಗೆ ಯಾರೆಂದು ಗೊತ್ತಾಗುತ್ತದೆ. ಅದು ಅವಳಿಗೂ ಗೊತ್ತು.

ಪಿಯುಸಿ ಓದಲು ಅವಳು ನಮ್ಮ ಮನೆಯಲ್ಲಿದ್ದಳು. ಒಂದು ಮದುವೆಯಲ್ಲಿ ನಮ್ಮ ನೆಂಟರೇ ಒಬ್ಬರು, "ಬಣ್ಣವಂತೂ ಕಪ್ಪು, ಮೈಯಾದ್ರೂ ಹಿಡಿತದಲ್ಲಿಟ್ಕೊ, ಇಲ್ದಿದ್ರೆ ಗಂಡು ಸಿಗೋದು ಕಷ್ಟ" ಎಂದು ನಗುತ್ತಾ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ರಾತ್ರಿ ಊಟ ಬಿಟ್ಟಳು. ಓದಬೇಕು, ತಿಂದರೆ ನಿದ್ದೆ ಬರುತ್ತದೆ ಎಂದಳು. ಹುಣ್ಣಿಮೆಗೆ ನನ್ನ ಜೊತೆ ಅಷ್ಟಶೀಲ ತೆಗೆದುಕೊಂಡಳು. ನಂತರ ಅಮಾವಾಸ್ಯೆಗೂ, ಅಷ್ಟಮಿಗೂ ತೆಗೆದುಕೊಂಡಳು. ಕೊನೆಗೆ ದಿನವೂ. ನಮ್ಮ ಓದುಗೂಟದಲ್ಲಿ ನಾನು ಎದ್ದು ನಿಂತು, ಈ ವಯಸ್ಸಿಗೆ ಎಂಥ ಸಂಯಮ ನೋಡಿ, ನಾವು ದೊಡ್ಡವರು ನಾಚಬೇಕು ಎಂದು ಹೊಗಳಿದೆ. ನೀವೂ ಚಪ್ಪಾಳೆ ತಟ್ಟಿದಿರಿ.

ಕಣ್ಣೆದುರು ಏನೇನೋ ನಡೆಯುತ್ತಿತ್ತು. ಬಚ್ಚಲ ಜಾಲರಿಯಲ್ಲಿ ಮುಷ್ಟಿಗಟ್ಟಲೆ ಕೂದಲು ಸಿಗುತ್ತಿತ್ತು. ಏಪ್ರಿಲ್ ಬಿಸಿಲಲ್ಲೂ ಅವಳು ಸ್ವೆಟರ್ ಬಿಚ್ಚುತ್ತಿರಲಿಲ್ಲ. ಮನೆಯವರಿಗೆಲ್ಲ ಬಗೆಬಗೆಯ ಅಡುಗೆ ಮಾಡಿ ಬಡಿಸಿ, ಎದುರಿಗೆ ಕೂತು ನಾವು ತಿನ್ನುವುದನ್ನೇ ನೋಡುತ್ತಿದ್ದಳು. ಅವಳ ತಟ್ಟೆಯಲ್ಲಿ ಅರ್ಧ ಚಪಾತಿ ಚೂರುಚೂರಾಗಿ ಬಿದ್ದಿರುತ್ತಿತ್ತು. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತೆಂದು ನನಗೆ ತಿಳಿದದ್ದು, ಅವಳು ಕಾಲೇಜಿನಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಬಿದ್ದು ಆಸ್ಪತ್ರೆಗೆ ಸೇರಿದ ದಿನ, ವೈದ್ಯೆ ಕೇಳಿದಾಗ. ಆಗ ಅವಳ ತೂಕ ಎಷ್ಟಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಅಂಥ ಅಂಕಿಯನ್ನು ಓದಿ ತಾವೂ ಅಷ್ಟಕ್ಕೆ ಇಳಿಯಬೇಕೆಂದು ಹೊರಡುವ ಮಕ್ಕಳಿರುತ್ತಾರೆ ಎಂದು ಆ ವೈದ್ಯೆಯೇ ಎಚ್ಚರಿಸಿದ್ದಾರೆ.

ಅನೊರೆಕ್ಸಿಯಾ ನರ್ವೋಸಾ ಎಂದರು. ದಪ್ಪಗಾಗುತ್ತೇನೆಂಬ ಭಯ ಎಷ್ಟು ಬೆಳೆಯುತ್ತದೆಂದರೆ, ಮೂಳೆ ಕಾಣುತ್ತಿದ್ದರೂ ಕನ್ನಡಿಯಲ್ಲಿ ದಪ್ಪಗೇ ಕಾಣುತ್ತದಂತೆ. ಎದೆಬಡಿತ ನಿಧಾನವಾಗುತ್ತದೆ, ಮೂಳೆ ಸವೆಯುತ್ತದೆ, ಜೀವವೂ ಹೋಗಬಹುದು.

ಸುದ್ದಿ ಕೇಳಿ ಓಡಿಬಂದ ಅಕ್ಕ ಮೊದಲು ಮಾಡಿದ್ದು ಜಗಳ. "ನಮ್ಮವ್ವ ಊರೋರ ಹಿತ್ಲಲ್ಲಿ ನಿಂತ್ಕಂಡು ತಂಗ್ಳು ಈಸ್ಕಂಡು ಬಂದು ನಮ್ಮನ್ನ ಸಾಕವ್ಳೆ. ನಿಂಗೆ ತುಂಬಿದ ತಟ್ಟೆ ಬ್ಯಾಡ್ವಾ? ಅನ್ನದ ಮದ ಕಣೇ ನಿಂಗೆ!" ಅಂದಳು. ಅಕ್ಕನನ್ನು ಬೈಯಲಾರೆ. ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಹಸಿವನ್ನೇ ಆಸ್ತಿಯಂತೆ ಪಡೆದು ಬಂದ ಮನೆಗಳಲ್ಲಿ ಊಟವನ್ನು ತಳ್ಳುವ ಮಗು ಹಿರಿಯರಿಗೆ ಅವಮಾನ ಮಾಡಿದಂತೆಯೇ ಕಾಣುತ್ತದೆ.

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, "ಬಾಬಾಸಾಹೇಬರು ಲಂಡನ್ನಲ್ಲಿ ಅರೆಹೊಟ್ಟೇಲಿ ಓದಿದ್ರು ಅಂತ ನೀನೇ ಹೇಳ್ತಿದ್ದೆ ಅಲ್ವಾ ಚಿಕ್ಕಮ್ಮ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಂಗೆ ಹಸಿವಾಗಲ್ಲ ಅಂತಲ್ಲ. ಹಸಿವಾಗುತ್ತೆ. ತಿಂದ್ರೆ ಭಯ ಆಗುತ್ತೆ" ಅಂದಳು.

ಪ್ರತಿ ಏಪ್ರಿಲ್ 14ಕ್ಕೆ ಶಾಲೆಯಲ್ಲಿ ಆ ಮಾತು ಹೇಳುತ್ತಾ ಬಂದವಳು ನಾನು. ಹೇಳುವಾಗ ಒಂದು ಅರ್ಧ ಬಿಟ್ಟುಹೋಗುತ್ತಿತ್ತು. ಬಾಬಾಸಾಹೇಬರು ಹಸಿದಿದ್ದು ಕೈಯಲ್ಲಿ ಕಾಸಿಲ್ಲದೆ. ಅದು ವ್ರತವಾಗಿರಲಿಲ್ಲ. ಅವರ ಓದು ಹಸಿವಿನಿಂದ ಆದದ್ದಲ್ಲ, ಹಸಿವಿದ್ದರೂ ಆದದ್ದು. ನಮ್ಮ ಮಕ್ಕಳು ಹಾಗೆ ಓದಬಾರದೆಂದೇ ಅವರು ಹಾಸ್ಟೆಲುಗಳನ್ನು ಕಟ್ಟಿದರು. ಈ ಅರ್ಧವನ್ನು ನಾನು ಮಕ್ಕಳಿಗೆ ಯಾವತ್ತೂ ಹೇಳಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ನೆನಪಾದದ್ದು ಉರುವೇಲದ ಸಿದ್ಧಾರ್ಥ. ಮಹಾಸಚ್ಚಕ ಸುತ್ತದಲ್ಲಿ ಭಗವಾನರು ತಮ್ಮ ದೇಹದಂಡನೆಯ ದಿನಗಳನ್ನು ತಾವೇ ಹೇಳಿಕೊಂಡಿದ್ದಾರೆ. ಆಗ ಅವರ ಆಹಾರ ಬೊಗಸೆಯಷ್ಟು ಹೆಸರುಕಾಳಿನದೋ ಹುರುಳಿಯದೋ ಕಟ್ಟು. ಬೆನ್ನುಮೂಳೆ ಮಣಿಸರದಂತಾಯಿತು. ಪಕ್ಕೆಲುಬು ಹಳೆಯ ಕೊಟ್ಟಿಗೆಯ ತೊಲೆಗಳಂತೆ ಎದ್ದವು. ಕಣ್ಣು ಆಳದ ಬಾವಿಯ ನೀರಿನಂತೆ ಒಳಗಿಳಿಯಿತು. ಹೊಟ್ಟೆ ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಮೈ ಸವರಿದರೆ ಬುಡ ಕೊಳೆತ ಕೂದಲು ಉದುರಿ ಬೀಳುತ್ತಿತ್ತು. ಪಾಠದಂತೆ ಎಷ್ಟೋ ಸಲ ಓದಿದ್ದೆ. ಬಚ್ಚಲ ಜಾಲರಿಯ ಕೂದಲಿಗೂ ಈ ಕೂದಲಿಗೂ ಸಂಬಂಧ ಇದೆಯೆಂದು ಹೊಳೆದಿರಲಿಲ್ಲ.

ಆಮೇಲೆ ಏನಾಯಿತು? ಬಾಲ್ಯದಲ್ಲಿ ನೇರಳೆ ಮರದ ನೆರಳಲ್ಲಿ ಕೂತಾಗ ದೊರೆತಿದ್ದ ಶಾಂತ ಸುಖ ಅವರಿಗೆ ನೆನಪಾಯಿತು. ಕಾಮದ ಸೋಂಕಿಲ್ಲದ ಆ ಸುಖಕ್ಕೆ ನಾನೇಕೆ ಹೆದರಬೇಕು ಎಂದು ತಮ್ಮನ್ನೇ ಕೇಳಿಕೊಂಡರು. ಹೆದರಬೇಕಿಲ್ಲ, ಆದರೆ ಇಷ್ಟು ಸೊರಗಿದ ಮೈಯಲ್ಲಿ ಅದು ಸಿಗದು ಎಂದು ಕಂಡುಕೊಂಡು ಅನ್ನ ಉಂಡರು. ತಿನ್ನಲು ಭಯ ಎನ್ನುವ ಹುಡುಗಿಗೆ ಇದಕ್ಕಿಂತ ಹತ್ತಿರದ ಮಾತು ಇಡೀ ತಿಪಿಟಕದಲ್ಲಿ ನನಗೆ ಸಿಕ್ಕಿಲ್ಲ. ಬಾಬಾಸಾಹೇಬರೂ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಈ ಪ್ರಸಂಗಕ್ಕೆ ಪ್ರತ್ಯೇಕ ಜಾಗ ಕೊಟ್ಟು, ಸುಜಾತೆ ತಂದ ಆಹಾರದ ಕತೆ ಹೇಳಿದ್ದಾರೆ.

ಅಲ್ಲಿ ಇನ್ನೂ ಐವರಿದ್ದರು. ಸಿದ್ಧಾರ್ಥ ಒಣಗುತ್ತಿದ್ದಷ್ಟು ದಿನ ಭಕ್ತಿಯಿಂದ ಜೊತೆಗಿದ್ದವರು. ಅನ್ನ ಮುಟ್ಟಿದ ಕೂಡಲೇ, ಇವನು ಕೆಟ್ಟ, ಭೋಗಕ್ಕೆ ಬಿದ್ದ ಎಂದು ಎದ್ದುಹೋದರು. ಓದುಗೂಟದಲ್ಲಿ ಎದ್ದು ನಿಂತು ಹೊಗಳಿದ ನಾನು, ಚಪ್ಪಾಳೆ ತಟ್ಟಿದ ನೀವು, ನಾವೇ ಆ ಐವರು. ಸಣ್ಣಗಾದರೆ "ಏನು ಮಾಡ್ದೆ, ನಂಗೂ ಹೇಳು" ಎನ್ನುತ್ತೇವೆ. ಎರಡನೇ ಸಲ ಬಡಿಸಿಕೊಂಡರೆ ತಟ್ಟೆ ನೋಡುತ್ತೇವೆ.

ಹಾಗಾದರೆ ವಿಕಾಲ ಭೋಜನದ ಶೀಲ ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಆದರೆ ಅದನ್ನು ಕೊಟ್ಟವರೇ ಅದನ್ನು ಹೇಗೆ ಸಡಿಲಿಸಿದರು ನೋಡಿ. ಶ್ರಾವಸ್ತಿಯಲ್ಲಿ ಶರತ್ಕಾಲದ ಕಾಯಿಲೆ ಬಂದು ಭಿಕ್ಷುಗಳಿಗೆ ಕುಡಿದ ಗಂಜಿಯೂ ಉಂಡ ಅನ್ನವೂ ವಾಂತಿಯಾಗುತ್ತಿತ್ತು. ಸೊರಗಿ, ಬಿಳಿಚಿಕೊಂಡು, ನರ ಎದ್ದು ಕಾಣುತ್ತಿದ್ದರು. ಭಗವಾನರು ಅದನ್ನು ಗಮನಿಸಿ, ಭಿಕ್ಷುಗಳು ಯಾಕೆ ಹೀಗಾಗಿದ್ದಾರೆ ಎಂದು ಆನಂದನನ್ನು ಕೇಳಿದರು. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಔಷಧವಾಗಿ ಸರಿಯಾದ ಹೊತ್ತಿನಲ್ಲಿ ತೆಗೆದುಕೊಳ್ಳಲಿ ಎಂದರು. ಅಷ್ಟಕ್ಕೂ ಸುಧಾರಿಸಲಿಲ್ಲ. ಮತ್ತೆ ಕೇಳಿದರು. ಹಾಗಾದರೆ ಮಧ್ಯಾಹ್ನ ಕಳೆದ ಮೇಲೂ ತೆಗೆದುಕೊಳ್ಳಲಿ ಎಂದರು. ವಿನಯದ ಮಹಾವಗ್ಗದಲ್ಲಿದೆ. ಸೊರಗಿದವರನ್ನು ಕಂಡು ಅವರು ಸಂಯಮವನ್ನು ಹೊಗಳಲಿಲ್ಲ, ಯಾಕೆ ಎಂದು ವಿಚಾರಿಸಿದರು.

ಇನ್ನೊಂದು ಸಲವೂ ಆನಂದನನ್ನು ಹೀಗೇ ಕೇಳಿದ್ದುಂಟು. ವೈಶಾಲಿಯಲ್ಲಿ ಅಶುಭ ಭಾವನೆ, ಅಂದರೆ ದೇಹದ ಅಸಹ್ಯವನ್ನು ಧ್ಯಾನಿಸುವುದನ್ನು ಕಲಿಸಿ ಅರ್ಧ ತಿಂಗಳು ಏಕಾಂತಕ್ಕೆ ಹೋಗಿ ಬಂದರೆ ಸಂಘವೇ ಕಡಿಮೆಯಾಗಿತ್ತು. ಕೆಲವು ಭಿಕ್ಷುಗಳಿಗೆ ತಮ್ಮ ಮೈಯ ಮೇಲೆ ಎಂಥ ಹೇಸಿಗೆ ಹುಟ್ಟಿತ್ತೆಂದರೆ ಜೀವಗಳೇ ಹೋಗಿದ್ದವು. ಆಗ ಉಸಿರನ್ನು ಗಮನಿಸುವ ಆನಾಪಾನಸತಿಯನ್ನು ಕಲಿಸಿದರು. ನಮ್ಮ ಶಿಬಿರಗಳಲ್ಲಿ ದೇಹದ ಮೂವತ್ತೆರಡು ಭಾಗಗಳ ಧ್ಯಾನ ಮಾಡಿಸುವವರು ಇದನ್ನು ನೆನಪಿಡಬೇಕು. ಆಗಲೇ ತನ್ನ ಮೈಯನ್ನು ದ್ವೇಷಿಸುತ್ತಿರುವ ಹದಿನೇಳರ ಹುಡುಗಿಗೆ ಅದು ಔಷಧಿಯಲ್ಲ.

ನಮ್ಮವರಿಗೆ ಮೈಯನ್ನು ದ್ವೇಷಿಸಲು ಹೊಸದಾಗಿ ಕಲಿಸಬೇಕಿಲ್ಲವಲ್ಲ. ಮುಟ್ಟಬಾರದ ಮೈ, ನೆರಳೂ ಬೀಳಬಾರದ ಮೈ ಎಂದು ತಲೆಮಾರುಗಳಿಂದ ಕಲಿಸಿಯಾಗಿದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಸೀರೆ ಉಡುವ ರೀತಿ ಬದಲಿಸಿ, ಗುರುತಿಗೆಂದು ಹೇರಿದ ಭಾರದ ಒಡವೆ ತೆಗೆಯಿರಿ ಎಂದರಲ್ಲ, ಅದು ಈ ಮೈಗೆ ಮರ್ಯಾದೆ ತರುವ ಕೆಲಸವೇ. ಊರು ಕಲಿಸಿದ್ದನ್ನು ಈಗ ಫೋನು ಮುಂದುವರಿಸುತ್ತಿದೆ: ಬೆಳ್ಳಗಿರು, ತೆಳ್ಳಗಿರು.

ಹಸಿವು ಮನಸ್ಸನ್ನು ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿತ್ತು. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿ ಬಂದ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಸುಮಾರು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದವರನ್ನು ಚೇತರಿಸುವುದು ಹೇಗೆಂದು ತಿಳಿಯಲು ಮಾಡಿದ ಪ್ರಯೋಗ ಅದು. ಆ ಯುವಕರು ಊಟದ ಕನಸು ಕಂಡರು, ಅಡುಗೆ ಪುಸ್ತಕ ಓದುತ್ತಾ ಕೂತರು, ಚಳಿಯೆಂದರು, ಮಂಕಾದರು, ಗೆಳೆಯರಿಂದ ದೂರವಾದರು. ಅಂದರೆ ನಾನು ಅವಳ ಹಟ, ಮುಂಗೋಪ ಎಂದುಕೊಂಡಿದ್ದರಲ್ಲಿ ಬಹುಪಾಲು ಹಸಿದ ಮಿದುಳಿನದು. ಅಳವಿಯಲ್ಲಿ ಹಸಿದು ಬಂದ ಬಡ ರೈತನಿಗೆ ಭಗವಾನರು ಮೊದಲು ಊಟ ಹಾಕಿಸಿ ಆಮೇಲೆ ಧಮ್ಮ ಹೇಳಿದರೆಂದು ಧಮ್ಮಪದದ ಅಟ್ಠಕಥೆಯಲ್ಲಿದೆ. ನಮ್ಮ ವೈದ್ಯೆ ಮಾಡಿದ್ದೂ ಅದೇ, ಮೊದಲು ಅನ್ನ, ಆಮೇಲೆ ಮಾತು.

ಆ ಅನ್ನವನ್ನೂ ಒಮ್ಮೆಲೇ ತುಂಬಿಸುವಂತಿಲ್ಲ. ಬಹಳ ದಿನ ಹಸಿದ ದೇಹಕ್ಕೆ ದಿಢೀರನೆ ಊಟ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ರಕ್ತಪರೀಕ್ಷೆ, ಇಸಿಜಿ ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಮನೋವೈದ್ಯರ ಬಳಿಗೂ ಕಳಿಸಿದರು. ಅಲ್ಲಿಗೆ ಹೋಗಲು ಅಕ್ಕ ಹಿಂಜರಿದಳು. ತಾಯಿತ, ಮಂತ್ರ ನಾವು ಬಿಟ್ಟಾಗಿದೆ, ಆದರೆ ಮನಸ್ಸಿನ ಡಾಕ್ಟರೆಂದರೆ ಇನ್ನೂ ಬೋರ್ಡು ನೋಡಿ ತಲೆತಗ್ಗಿಸುತ್ತೇವೆ. ಯಾವುದು ಎಷ್ಟು ಎಂದು ಕೆಲವು ತಿಂಗಳು ಅಕ್ಕನೇ ಬಡಿಸುವುದು, ಮುಗಿಯುವವರೆಗೆ ಪಕ್ಕದಲ್ಲಿ ಕೂರುವುದು, ಬೈಯದಿರುವುದು: ಚಿಕಿತ್ಸೆಯ ದೊಡ್ಡ ಭಾಗ ಇದೇ ಆಗಿತ್ತು. ಹೇಳಿದಷ್ಟು ಸುಲಭವಲ್ಲ. ಒಂದು ಇಡ್ಲಿಗೆ ಒಂದೂವರೆ ಗಂಟೆ ಕೂತದ್ದುಂಟು.

ಎಲ್ಲರಿಗೂ ಇದೇ ರೂಪದಲ್ಲಿ ಬರುವುದಿಲ್ಲ. ಕೆಲವರು ವಿಪರೀತ ತಿಂದು, ಹೆದರಿ, ವಾಂತಿ ಮಾಡುತ್ತಾರೆ. ನೋಡಲು ತೂಕ ಸರಿಯಾಗಿಯೇ ಇರುತ್ತದೆ, ಒಳಗೆ ಪೊಟ್ಯಾಷಿಯಂ ಇಳಿದು ಎದೆಬಡಿತ ತಪ್ಪಬಹುದು. ಇನ್ನು ಕೆಲವರು ತಡೆಯಲಾಗದೆ ತಿಂದು ಒಬ್ಬರೇ ಕೂತು ನಾಚುತ್ತಾರೆ. ಗಂಡುಮಕ್ಕಳಿಗೂ ಬರುತ್ತದೆ. ಕೋಸಲದ ರಾಜ ಪಸೇನದಿ ಅತಿಯಾಗಿ ಉಂಡು ಏದುಸಿರು ಬಿಡುತ್ತಾ ಬಂದಾಗ ಭಗವಾನರು ಡುಮ್ಮ ಎನ್ನಲಿಲ್ಲ. ಅರಿವಿನಿಂದ ಉಣ್ಣುವವನಿಗೆ ಆಗುವ ಒಳಿತನ್ನು ಹೇಳಿದರು, ರಾಜ ತಾನಾಗಿ ನಿಧಾನಕ್ಕೆ ಬದಲಾದ. ನಮ್ಮ ಮನೆಗಳಲ್ಲಿ ಪ್ರೀತಿಗೆಂದೇ ಇಡುವ ಡುಮ್ಮಿ, ಕಡ್ಡಿ, ಆನೆಮರಿ ಎಂಬ ಹೆಸರುಗಳನ್ನು ಇಷ್ಟು ಹೊತ್ತಿಗೆ ನೀವೇ ನೆನಪಿಸಿಕೊಂಡಿರುತ್ತೀರಿ.

ಇದು ನಮ್ಮ ಮನೆಯಲ್ಲೇ ಇದೆ ಎಂದು ಅನುಮಾನ ಬಂದವರು ಹುಣ್ಣಿಮೆ ಕಳೆಯಲಿ ಎಂದು ಕಾಯಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಲೆಸುತ್ತಿ ಬಿದ್ದರೆ, ಎದೆಬಡಿತ ತಪ್ಪಿದಂತಾದರೆ ನೇರ ಆಸ್ಪತ್ರೆಗೆ ಹೋಗಿ.

ನಾಳೆ ಸಂಜೆ ಆರಕ್ಕೆ ವಿಹಾರದಲ್ಲಿ ವಂದನೆ. ಅವಳೂ ಬರುತ್ತಾಳೆ. ತಿಸರಣ, ಪಂಚಶೀಲ ತೆಗೆದುಕೊಳ್ಳುತ್ತಾಳೆ, ಅಷ್ಟಶೀಲ ಅಲ್ಲ. ಪೂರ್ತಿ ಗುಣವಾಗಿದ್ದಾಳೆ ಎಂದು ಹೇಳಲಾರೆ. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ತಟ್ಟೆ ಕಂಡರೆ ಕೈ ನಡುಗುತ್ತದೆ. ಏಳೂವರೆಗೆ ಅವಳ ಊಟದ ಹೊತ್ತು. ನಾನೂ ಈ ಸಲ ಅಷ್ಟಶೀಲ ಬಿಟ್ಟು ಹಿಂದಿನ ಕೋಣೆಯಲ್ಲಿ ಅವಳ ಜೊತೆ ಉಣ್ಣುತ್ತೇನೆ. ಅನ್ನ, ಹುರುಳಿಕಟ್ಟಿನ ಸಾರು, ಮೊಸರು ತರುತ್ತೇನೆ. ಅಷ್ಟಶೀಲ ತೆಗೆದುಕೊಳ್ಳದವರು ಬಂದು ಕೂರಬಹುದು. ಒಂದೇ ವಿನಂತಿ. "ಈಗ ಚೆನ್ನಾಗಾಗಿದ್ದೀಯ" ಎಂದೂ ಹೇಳಬೇಡಿ, ಅವಳ ಕಿವಿಗೆ ಅದು ದಪ್ಪಗಾಗಿದ್ದೀಯ ಎಂದೇ ಬೀಳುತ್ತದೆ. ಡಿಗ್ರಿಗೆ ಯಾವ ವಿಷಯ ತಗೊಂಡಿದ್ದೀಯ ಎಂದು ಕೇಳಿ. ಅದಕ್ಕಾದರೆ ಅವಳು ಬೇಕಾದಷ್ಟು ಮಾತಾಡುತ್ತಾಳೆ.

ಭವತು ಸಬ್ಬ ಮಂಗಲಂ. ಜೈ ಭೀಮ್.